ಹೆಸರು ನಿಮ್ಮದೇ, ಕೇಸು ಬೇರೆಯವರದು

ಪ್ರಶ್ನೆ: ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತೇನೆ. ಹಿನ್ನೆಲೆ ಪರಿಶೀಲನೆಯಲ್ಲಿ ಕ್ರಿಮಿನಲ್ ಕೇಸ್ ಸಿಕ್ಕಿದೆಯೆಂದು ಕಂಪನಿ ನನ್ನ ಐಡಿ ಬ್ಲಾಕ್ ಮಾಡಿದೆ. ಆ ಕೇಸ್ ಅದೇ ಹೆಸರಿನ ಬೇರೊಬ್ಬರದು. ಏನು ಮಾಡಲಿ?

ವಕೀಲರ ಉತ್ತರ: ಮೊದಲು ಪರಿಶೀಲನಾ ವರದಿಯ ಪ್ರತಿ, ಕೇಸ್ ನಂಬರ್ ಮತ್ತು ನ್ಯಾಯಾಲಯದ ಹೆಸರನ್ನು ಇಮೇಲ್‌ನಲ್ಲೇ ಕೇಳಿ. ಫೋನಿನ ಮಾತು ದಾಖಲೆಯಾಗಿ ಉಳಿಯುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ನಂಬರ್ ಹಾಕಿ ಆರೋಪಿಯ ವಿವರ ನೋಡಿ. ತಂದೆಯ ಹೆಸರು, ವಿಳಾಸ, ವಯಸ್ಸು ನಿಮ್ಮ ವಿವರಗಳಿಗೆ ಎಲ್ಲೆಲ್ಲಿ ಹೊಂದುವುದಿಲ್ಲವೋ ಅದನ್ನು ಪಟ್ಟಿ ಮಾಡಿ. ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ. ಇವೆಲ್ಲವನ್ನೂ ಲಗತ್ತಿಸಿ, ವರದಿ ತಿದ್ದುವಂತೆ ಕಂಪನಿಗೂ ಪರಿಶೀಲನಾ ಏಜೆನ್ಸಿಗೂ ಬರೆಯಿರಿ.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ, ಕೆಲಸದಿಂದ ತೆಗೆಯಲು ಸಾಮಾನ್ಯವಾಗಿ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಬೇಕು. ಇದನ್ನು ಪತ್ರದಲ್ಲಿ ಉಲ್ಲೇಖಿಸಿ. ಉತ್ತರ ಬಾರದಿದ್ದರೆ ಇದೇ ಕಾಯ್ದೆಯಡಿ ದೂರು ಕೊಡಿ.

ಈ ಮಧ್ಯೆ ಬೇರೆಯವರ ಹೆಸರಿನ ಐಡಿಯಲ್ಲಿ ಕೆಲಸ ಮಾಡಬೇಡಿ. ಹಾಗೆ ಮಾಡಿದರೆ ನಿಮ್ಮ ನಿಜವಾದ ದೂರೇ ದುರ್ಬಲವಾಗುತ್ತದೆ.

ಸಮನ್ಸ್ ಬಂದರೆ, ಅಥವಾ ನಿಮ್ಮ ಆಧಾರ್ ದುರ್ಬಳಕೆಯಾಗಿದೆ ಎನಿಸಿದರೆ ತಡಮಾಡದೆ ವಕೀಲರನ್ನು ಕಾಣಿ. ಫೀಸು ಕಷ್ಟವಾದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ.