ಕೊನೆಯಿಂದ ಮೊದಲಿಗೆ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಜಾವಗಲ್ಲಿನ ಮಾರ್ಗವಾಗಿ ಹಳೇಬೀಡು, ಬೇಲೂರುಗಳಿಗೆ ಹೋಗುವ ಯಾತ್ರಿಕನು ತನಗರಿವಿಲ್ಲದೆಯೇ ಕಾಲದಲ್ಲಿ ಹಿಂದಕ್ಕೆ ನಡೆಯುತ್ತಾನೆ. ಅರಸೀಕೆರೆಯ ಈಶ್ವರ ದೇವಾಲಯ ಕ್ರಿ.ಶ. 1220ರದು; ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ 1121ರ ಸುಮಾರಿನದು; ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದುದು 1117ರಲ್ಲಿ. ಕಡೆಯದು ಮೊದಲು ಕಾಣುತ್ತದೆ. ಮೊದಲಿನದು ಕಡೆಗೆ ಕಾಣುತ್ತದೆ.

ಕಥೆ ಬರೆಯುವವರಿಗೂ ಅನೇಕ ವೇಳೆ ಹೀಗೆಯೇ ಆಗುತ್ತದೆ. ಕಥೆಯ ಕೊನೆಯ ಸನ್ನಿವೇಶವೊಂದು ಮನಸ್ಸಿನಲ್ಲಿ ಥಟ್ಟನೆ ಮಿಂಚುತ್ತದೆ. ಆರಂಭ ಮಾತ್ರ ಹೊಳೆಯುವುದಿಲ್ಲ. ಮೊದಲ ವಾಕ್ಯ ದೊರೆಯಲಿಲ್ಲವೆಂದು ಕಾಗದವನ್ನು ಹರಿದೆಸೆಯುವವರುಂಟು. ಆದರೆ ಕೊನೆಯನ್ನು ಕಂಡವನು ದಾರಿ ತಪ್ಪಿದವನಲ್ಲ; ಸೇರಬೇಕಾದ ಊರನ್ನು ಬಲ್ಲವನು.

ಬೇಲೂರಿನ ದೇವಾಲಯದ ಆವರಣದಲ್ಲಿಯೇ ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಅದನ್ನು ಕುರಿತ ಐತಿಹ್ಯವನ್ನು ಅರಿಯದ ಕನ್ನಡಿಗರು ವಿರಳ. ಜಕಣಾಚಾರಿಯು ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ತರುಣ ಶಿಲ್ಪಿಯೊಬ್ಬನು ನುಡಿಯುತ್ತಾನೆ. ದೋಷವು ನಿಜವಾದರೆ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವುದಾಗಿ ಜಕಣಾಚಾರಿಯು ಶಪಥ ಮಾಡುತ್ತಾನೆ. ವಿಗ್ರಹಕ್ಕೆ ಗಂಧವನ್ನು ಲೇಪಿಸುತ್ತಾರೆ. ಎಲ್ಲೆಡೆಯೂ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯೇಟು ಬೀಳಲು ನೀರಿನೊಡನೆ ಕಪ್ಪೆ ಹೊರಬೀಳುತ್ತದೆ. ಜಕಣನು ನುಡಿದಂತೆ ನಡೆಯುತ್ತಾನೆ. ಆ ತರುಣ ತನ್ನ ಮಗನಾದ ಡಂಕಣನೆಂದು ಅವನಿಗೆ ತಿಳಿಯುವುದು ಅನಂತರ.

ಈ ಕಥೆಯಲ್ಲಿ, ಕಲ್ಲಿನಿಂದ ಕಪ್ಪೆ ಹೊರಬೀಳುವ ಸನ್ನಿವೇಶ ಮಾತ್ರ ಒಬ್ಬನಿಗೆ ಹೊಳೆಯಿತೆಂದು ಭಾವಿಸೋಣ. ಅವನು ಮಾಡಬೇಕಾದುದೇನು? “ಇದಕ್ಕೆ ಮೊದಲು ಏನು ನಡೆದಿರಬೇಕು?” ಎಂದು ಕೇಳುತ್ತ ಹಿಂದಕ್ಕೆ ಸರಿಯಬೇಕು. ಕಲ್ಲನ್ನು ಏಕೆ ಒಡೆದರು? ದೋಷವಿದೆಯೆಂದು ಒಬ್ಬನು ಹೇಳಿದುದರಿಂದ. ಆ ಮಾತಿನಿಂದ ಕೈ ಹೋಗುವಂಥ ಅನರ್ಥ ಏಕಾಯಿತು? ಹಿರಿಯ ಶಿಲ್ಪಿಯು ಅಭಿಮಾನದಿಂದ ಶಪಥ ತೊಟ್ಟುದರಿಂದ. ಮಗನನ್ನು ತಂದೆ ಏಕೆ ಗುರುತಿಸಲಿಲ್ಲ? ಮಗನು ಹುಟ್ಟುವ ಮೊದಲೇ ಅವನು ಮನೆಯನ್ನು ತೊರೆದಿದ್ದನು. ಮಗನು ಬೇಲೂರಿಗೇ ಏಕೆ ಬಂದನು? ತಂದೆಯನ್ನು ಅರಸುತ್ತ ಹೊರಟಿದ್ದನು. ಹೀಗೆ ಕಥೆಯ ಆರಂಭವು ಕೊನೆಯ ಗರ್ಭದಿಂದಲೇ ಹೊರಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಪ್ರತಿಯೊಂದು ಘಟನೆಯೂ ಪಾತ್ರದ ಸ್ವಭಾವದಿಂದ ಹುಟ್ಟಬೇಕು. ಜಕಣನ ಅಭಿಮಾನವು ಮೊದಲೇ ಕಾಣದಿದ್ದರೆ ಅವನ ಶಪಥವು ಕಥೆಗಾರನ ಅನುಕೂಲಕ್ಕಾಗಿ ಮಾಡಿಸಿದಂತೆ ತೋರುವುದು. ಎರಡನೆಯದು, ಮೊದಲು ಕಂಡ ದೃಶ್ಯವೇ ಕಥೆಯ ಮುಕ್ತಾಯವಾಗಬೇಕೆಂಬ ಹಟ ಸಲ್ಲದು. ಕೈಯನ್ನು ಕಳೆದುಕೊಂಡ ಶಿಲ್ಪಿಯನ್ನು ಜನಮನವು ಅಲ್ಲಿಯೇ ಬಿಡಲಿಲ್ಲ. ತುಮಕೂರಿನ ಬಳಿಯ ಕೈದಾಳದಲ್ಲಿ ಕೇಶವನ ಗುಡಿಯನ್ನು ಕಟ್ಟಿ ಅವನು ಮರಳಿ ಕೈ ಪಡೆದನೆಂದು ಕಥೆಯನ್ನು ಮುಂದುವರಿಸಿತು.

ಆದರೆ ಚೆನ್ನಾಗಿ ಹೆಣೆದ ಕಥೆಗೆ ಒಂದು ಅಪಾಯವೂ ಉಂಟು: ಅದು ಚರಿತ್ರೆಯಂತೆಯೇ ಕಾಣತೊಡಗುತ್ತದೆ. ಹೊಯ್ಸಳರ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಸೇರಿದ್ದಾರೆ. ಅವರೂ ತಂದೆಮಕ್ಕಳೇ; ಒಂದೇ ಗುಡಿಗೆ ದುಡಿದವರೇ. ಕಥೆಯ ತಂದೆಮಕ್ಕಳನ್ನು ನಾಡೆಲ್ಲ ಬಲ್ಲದು. ಕಲ್ಲಿನ ಮೇಲೆ ಹೆಸರುಳ್ಳ ತಂದೆಮಕ್ಕಳನ್ನು ಬಲ್ಲವರು ಕೆಲವರೇ. ಕಥೆಯನ್ನು ಕಥೆಯೆಂದೇ ಸವಿಯುವುದು, ದುಡಿದವರ ಹೆಸರನ್ನು ಮರೆಯದಿರುವುದು, ಇವೆರಡೂ ಓದುಗನ ಹೊಣೆ.

ಬೇಲೂರನ್ನು ಕಂಡ ಯಾತ್ರಿಕನು ಹಳೇಬೀಡಿನ ಮೇಲೆಯೇ ಅರಸೀಕೆರೆಗೆ ಮರಳುತ್ತಾನೆ. ಆಗ ದೇವಾಲಯಗಳು ಕಾಲಕ್ರಮದಲ್ಲಿಯೇ ಎದುರಾಗುತ್ತವೆ. ಕಥೆಗಾರನು ಹೋದ ದಾರಿ ಹಿಂದುಮುಂದಾಗಿದ್ದರೂ ಚಿಂತೆಯಿಲ್ಲ. ಓದುಗನನ್ನು ಅವನು ಕರೆತರುವುದು ಈ ಮರಳುವ ದಾರಿಯಲ್ಲಿ.

ಅಭ್ಯಾಸ

1. ಅರಸೀಕೆರೆಯಿಂದ ಬೇಲೂರಿಗೆ ಹೋಗುವವನು ಕಾಲದಲ್ಲಿ ಹಿಂದಕ್ಕೆ ನಡೆಯುವನೆಂದು ಹೇಳಲು ಕಾರಣವೇನು?
2. ಜಕಣಾಚಾರಿಯ ಶಪಥವು ಸಹಜವಾಗಿ ತೋರಲು ಕಥೆಯಲ್ಲಿ ಮೊದಲೇ ಏನಿರಬೇಕು?
3. “ಮಳೆಯಲ್ಲಿ ಮುದುಕನೊಬ್ಬನು ಮುಚ್ಚಿದ ಶಾಲೆಯ ಬಾಗಿಲನ್ನು ತಟ್ಟುತ್ತಿದ್ದಾನೆ.” ಇದು ಕೊನೆಯ ಸನ್ನಿವೇಶವಾಗುವಂತೆ ಒಂದು ಕಥೆಯನ್ನು ಹೆಣೆಯಿರಿ.