ಹಿಪ್ಪುನೇರಳೆ ಕಿತ್ತ ನೆಲದಲ್ಲಿ ಕನಕಾಂಬರ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆಯ ರೈತರು ಮನೆಯ ಹಿಂದೆ ಎರಡು ಗುಂಟೆ ಕನಕಾಂಬರ ಹಾಕಬೇಕೆಂದು ಹೊರಟಾಗ, ನೀರಿನ ಅನುಕೂಲವಿರುವ ನೆಲವೆಂದರೆ ಹಲವು ವೇಳೆ ಹಳೆಯ ಹಿಪ್ಪುನೇರಳೆ ಕಡ್ಡಿ ಕಿತ್ತ ತಾಕೇ ಆಗಿರುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಯೇ. ಹಿಪ್ಪುನೇರಳೆಗೆ ಬೇರುಗಂಟು ರೋಗ ತರುವ ಜಂತುಹುಳುವೇ ಕನಕಾಂಬರದ ಬೇರಿಗೂ ಬೀಳುತ್ತದೆ. ಟೊಮ್ಯಾಟೊ, ಬದನೆ ಬೆಳೆದ ಭೂಮಿಗೂ ಇದೇ ಮಾತು.

ಲೊಬೇಲಿಯಾದಂತಹ ತಂಪು ನಾಡಿನ ಬಹುವಾರ್ಷಿಕ ಹೂಗಳು ಸದಾ ತೇವವನ್ನೂ ತಂಪು ಹವೆಯನ್ನೂ ಬೇಡುತ್ತವೆ; ನಮ್ಮ ಬಿಸಿಲಿಗೆ ಬಾಳುವುದು ಕಷ್ಟ. ಕನಕಾಂಬರ ಹಾಗಲ್ಲ. ಭಾರತ ಮತ್ತು ಶ್ರೀಲಂಕಾ ಇದರ ತವರು. ತೆಂಗಿನ ಮರಗಳ ನಡುವಿನ ಅರೆನೆರಳಿನಲ್ಲಿಯೂ ಬರುತ್ತದೆ. ವಾಸನೆಯಿಲ್ಲದಿದ್ದರೇನು, ಬಣ್ಣಕ್ಕೂ ಬಾಳಿಕೆಗೂ ಹೆಂಗಸರು ಇದನ್ನು ಬಿಡುವುದಿಲ್ಲ. ಮಲ್ಲಿಗೆಯ ಜೊತೆ ಕಟ್ಟಲು ಬೇರೆ ಹೂವಿಲ್ಲ.

ನಾಟಿಗೆ ಮುಂಚೆ ಒಂದು ಕೆಲಸ ಮಾಡಿ. ಆ ತಾಕಿನಲ್ಲಿ ಉಳಿದಿರುವ ಹಿಪ್ಪುನೇರಳೆ ಬುಡವನ್ನೋ ಬದನೆ ಗಿಡವನ್ನೋ ಎಳೆಯದೆ, ಗುದ್ದಲಿಯಿಂದ ಸುತ್ತ ಅಗೆದು, ಬೇರನ್ನು ನೀರಿನಲ್ಲಿ ತೊಳೆದು ನೋಡಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅಲ್ಲಿ ಈ ವರ್ಷ ಕನಕಾಂಬರ ಬೇಡ. ಇನ್ನೊಂದು ಜಾತಿಯ ಜಂತುಹುಳು ಗಂಟು ಕಟ್ಟುವುದಿಲ್ಲ, ಬೇರನ್ನು ಕಂದು-ಕಪ್ಪು ಮಾಡಿ ಕೊಳೆಸುತ್ತದೆ. ಅದನ್ನು ಬರಿಗಣ್ಣಿನಿಂದ ಖಚಿತವಾಗಿ ಹೇಳಲಾಗದು. ಅನುಮಾನವಿದ್ದರೆ ಬೇರನ್ನೂ ಅದರ ಸುತ್ತಲಿನ ಹಸಿ ಮಣ್ಣನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಮಣ್ಣು ಒಣಗಿಸಿ ಒಯ್ದರೆ ಪ್ರಯೋಜನವಿಲ್ಲ.

ಬೇರುಗಂಟು ಕಂಡ ನೆಲವನ್ನು ಬೇಸಿಗೆಯಲ್ಲಿ ಎರಡು ಮೂರು ಬಾರಿ ಉತ್ತು ಬಿಸಿಲಿಗೆ ಬಿಡಬೇಕು. ಆನಂತರ ಒಂದು ಬೆಳೆ ಚೆಂಡುಹೂ ಹಾಕಿ. ಜೀವಂತ ಚೆಂಡುಹೂವಿನ ಬೇರಿನಲ್ಲಿರುವ ವಸ್ತುಗಳು ಜಂತುಹುಳುವನ್ನು ಕುಗ್ಗಿಸುತ್ತವೆ. ಆದುದರಿಂದ ಅಲ್ಲೊಂದು ಇಲ್ಲೊಂದು ಗಿಡ ಸಾಲದು, ತಾಕಿನ ತುಂಬ ಒತ್ತಾಗಿ ಮೂರು ನಾಲ್ಕು ತಿಂಗಳು ಇರಬೇಕು. ಹೂವಿಗೆ ದುಡ್ಡೂ ಬರುತ್ತದೆ, ಕಾದ ಕಾಲ ವ್ಯರ್ಥವಾಗದು.

ರೋಗ ಬಹಳ ಸಲ ಬರುವುದು ಸಸಿಯ ಜೊತೆಯಲ್ಲಿಯೇ. ಪಕ್ಕದ ತೋಟದಿಂದ ಬಿಟ್ಟಿಯಾಗಿ ಸಿಕ್ಕಿತೆಂದು ತಂದ ಸಸಿಯ ಬೇರನ್ನು ಯಾರೂ ತೊಳೆದು ನೋಡುವುದಿಲ್ಲ! ಮಡಿಯನ್ನು ನೀವೇ ಮಾಡಿ. ಏಪ್ರಿಲ್-ಮೇ ತಿಂಗಳಲ್ಲಿ ಮಡಿಯನ್ನು ತೋಯಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಏರಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ಮಣ್ಣು ಕಾದು ಹುಳು, ಕಳೆ ಬೀಜ ಎರಡೂ ಸಾಯುತ್ತವೆ. ಬಿತ್ತಿದ ಸುಮಾರು 60 ದಿನಕ್ಕೆ ಸಸಿ ನಾಟಿಗೆ ಸಿದ್ಧ. ಡೆಲ್ಲಿ ಕನಕಾಂಬರದಲ್ಲಿ ಬೀಜ ಕಟ್ಟುವುದಿಲ್ಲ. ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯ, ಅರ್ಕಾ ಶ್ರಾವ್ಯ ಮುಂತಾದ ತಳಿಗಳನ್ನು ಕೊಟ್ಟಿದೆ.

ಗುಂಟೆಗೆ 250 ಕಿಲೊ ಕೊಟ್ಟಿಗೆ ಗೊಬ್ಬರ, 10 ಕಿಲೊ ಬೇವಿನ ಹಿಂಡಿ ಸೇರಿಸಿ. ಇವೆರಡನ್ನೂ ಟ್ರೈಕೊಡರ್ಮಾದೊಡನೆ ಕಲೆಸಿ, ನೆರಳಿನಲ್ಲಿ ಗೋಣಿ ಹೊದಿಸಿ, ಆಗಾಗ ನೀರು ಚಿಮುಕಿಸಿ ಎರಡು ವಾರ ಇಟ್ಟು ಹಾಕಿದರೆ ಸೊರಗು ರೋಗದ ತಡೆಗೂ ಒಳ್ಳೆಯದು. ನಾಟಿಯ ವೇಳೆ ಗುಂಟೆಗೆ ಮುಕ್ಕಾಲು ಕಿಲೊ ಯೂರಿಯಾ, ಮೂರು ಮುಕ್ಕಾಲು ಕಿಲೊ ಸೂಪರ್ ಫಾಸ್ಫೇಟ್, ಒಂದು ಕಿಲೊ ಪೊಟ್ಯಾಷ್. ಮೂರನೆಯ ತಿಂಗಳಲ್ಲಿ ಇನ್ನೊಮ್ಮೆ ಮುಕ್ಕಾಲು ಕಿಲೊ ಯೂರಿಯಾ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರದಲ್ಲಿ ಗುಂಟೆಗೆ ಸುಮಾರು 560 ಗಿಡ ಹಿಡಿಯುತ್ತವೆ. ದಿಂಡಿನ ಮೇಲೆ ನೆಡಿ; ಬುಡದಲ್ಲಿ ನೀರು ನಿಂತರೆ ಈ ಗಿಡ ಬದುಕದು.

ಎಲೆಯ ಅಂಚು ನಸುಗೆಂಪು ಕಂದಾಗಿ ಒಳಕ್ಕೆ ಹರಡುತ್ತ, ಅಲ್ಲಲ್ಲಿ ಗುಂಪಾಗಿ ಗಿಡಗಳು ಜೋತು ಬಿದ್ದರೆ ಅದು ಸೊರಗು ರೋಗ. ಜಂತುಹುಳು ಕೊರೆದ ಗಾಯದ ಮೂಲಕ ಶಿಲೀಂಧ್ರ ಸುಲಭವಾಗಿ ಒಳಹೊಕ್ಕುತ್ತದೆ. ಅಂತಹ ಗಿಡಕ್ಕೆ ಔಷಧಿ ಹುಡುಕುತ್ತ ಕೂರದೆ ಬೇರುಸಹಿತ ಕಿತ್ತು ಸುಡಿ, ತಿಪ್ಪೆಗೆ ಎಸೆಯಬೇಡಿ. ಆ ಸಾಲಿನ ನೀರು ಮುಂದಿನ ಸಾಲಿಗೆ ಹರಿಯದಂತೆ ಅಡ್ಡ ಕಟ್ಟಿ.

ರೇಷ್ಮೆ ಸಾಕುವ ಮನೆಗಳಿಗೆ ಒಂದು ಎಚ್ಚರಿಕೆ. ಹೂವಿನ ಗಿಡಕ್ಕೆ ಹೇನು ಹತ್ತಿತೆಂದು ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಚಂದ್ರಿಕೆಗೆ ಏರಬೇಕಾದ ಹುಳು ತಟ್ಟೆಯಲ್ಲಿಯೇ ಸಾಯುತ್ತದೆ. ಬೇವಿನ ಔಷಧಿಯೂ ರೇಷ್ಮೆ ಹುಳುವಿಗೆ ಆಗದು, ತಂಬಾಕಿನ ಕಷಾಯವಂತೂ ವಿಷವೇ. ಸೊಪ್ಪಿನ ಬದುವಿನಲ್ಲಿ ಕನಕಾಂಬರ ಬೆಳೆಯುವವರು ಹೇನಿರುವ ತುದಿಗಳನ್ನು ಚಿವುಟಿ ತೆಗೆಯುವುದು, ನೀರನ್ನು ರಭಸವಾಗಿ ಹಾಯಿಸಿ ತೊಳೆಯುವುದು, ಇಷ್ಟಕ್ಕೇ ನಿಲ್ಲಬೇಕು. ನನ್ನ ಅಭಿಪ್ರಾಯದಲ್ಲಿ ಬದುವಿನ ಮೇಲೆ ಹಾಕದಿರುವುದೇ ಲೇಸು.

ನಾಟಿಯಾದ ಎರಡು ಮೂರು ತಿಂಗಳಿಗೆ ತೆನೆ ಕಾಣಿಸುತ್ತದೆ. ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತವೆ. ದಿನ ಬಿಟ್ಟು ದಿನ, ಬೆಳಗಿನ ತಂಪಿನಲ್ಲಿ ಬಿಡಿಸಿ. ಒಂದು ಕಿಲೊಗೆ ಸುಮಾರು 15,000 ಹೂ ಬೇಕಾಗುವುದರಿಂದ ಮನೆಯಲ್ಲಿ ಕೈಗಳೆಷ್ಟಿವೆ ಎಂದು ಎಣಿಸಿಯೇ ಗುಂಟೆ ಲೆಕ್ಕ ಹಾಕಿ. ಹೂ ಮುಗಿದ ತೆನೆಗಳನ್ನು ಕತ್ತರಿಸುತ್ತಿದ್ದರೆ ಹೊಸ ಚಿಗುರು ಬರುತ್ತದೆ. ಬೀಜ ಬೇಕಾದವರು ಆರೋಗ್ಯವಾದ ಗಿಡದಲ್ಲಿ ಕೆಲವು ತೆನೆ ಬಿಟ್ಟು, ಒಣಗಿದೊಡನೆ ಮಳೆಗೆ ಮುಂಚೆ ಕೊಯ್ದುಕೊಳ್ಳಬೇಕು. ಒಣ ಕಾಯಿಗೆ ನೀರು ಸೋಕಿದರೆ ಸಿಡಿದು ಬೀಜವೆಲ್ಲ ನೆಲದ ಪಾಲಾಗುತ್ತದೆ.