ತೋಟದ ಕೆರೆ ಏರಿ: ಹಿಂಗಾರಿಗೆ ಮುಂಚೆ ನೋಡಬೇಕಾದ್ದು

ಭೀಮಸಮುದ್ರದ ಕಡೆ ಅಡಿಕೆ ತೋಟ ಇರುವವರು ಬೇಸಿಗೆಗೆ ಆಗಲಿ ಎಂದು ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿಕೊಳ್ಳುವುದುಂಟು. ಊರ ಕೆರೆಯನ್ನು ನೋಡಲು ಇಲಾಖೆಯಿದೆ, ಹಿಂದೆ ನೀರುಗಂಟಿಯೂ ಇರುತ್ತಿದ್ದ. ಸ್ವಂತ ಏರಿಗೆ ಮಾಲೀಕರನ್ನು ಬಿಟ್ಟರೆ ಯಾರೂ ಇಲ್ಲ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುವುದು 15 ಮೀಟರ್‌ಗಿಂತ ಎತ್ತರದ ಕಟ್ಟೆಗಳು ಮತ್ತು ಕೆಲವು ಷರತ್ತಿಗೆ ಒಳಪಟ್ಟು 10ರಿಂದ 15 ಮೀಟರ್‌ನವು. ಹದಿನೈದಡಿಯ ತೋಟದ ಏರಿಯನ್ನು ಪರೀಕ್ಷಿಸಲು ಆ ಕಾಯ್ದೆಯಡಿ ಯಾರೂ ಬರುವುದಿಲ್ಲ. ಒಡೆದರೆ ಮಾತ್ರ ಕೆಳಗಿನವರ ತೋಟ, ಕೊಟ್ಟಿಗೆ, ರಸ್ತೆ ಎಲ್ಲಕ್ಕೂ ಪೆಟ್ಟು.

ನಮ್ಮ ಜಿಲ್ಲೆಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಸ್ತ, ಚಿತ್ತೆ ಹಿಡಿಯುವ ಮುಂಚೆಯೇ ಒಂದು ಸುತ್ತು ನೋಡಿ ಮುಗಿಸಿ. ಗುದ್ದಲಿ, ಅಳತೆ ಟೇಪು, ಗಾರೆಯವರ ಲೆವೆಲ್ ಪೈಪು, ಹತ್ತು ಲೀಟರ್ ಬಕೆಟ್, ಒಂದು ಗಾಜಿನ ಬಾಟಲಿ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ಕೋಡಿ

ಮಣ್ಣಿನ ಏರಿ ತನ್ನ ಮೇಲೆ ನೀರು ಹರಿಯುವುದನ್ನು ತಡೆಯಲಾರದು. ಒಮ್ಮೆ ಹರಿಯಲು ಶುರುವಾದರೆ ಹಿಂಬದಿ ಕೊರೆದು ಕೆಲವೇ ತಾಸುಗಳಲ್ಲಿ ಏರಿ ಹೋಗುತ್ತದೆ. ಹೀಗಿದ್ದೂ ಕೋಡಿಯನ್ನೇ ನಾವು ಹೆಚ್ಚು ಕಡೆಗಣಿಸುವುದು, ಏಕೆಂದರೆ ವರ್ಷಗಟ್ಟಲೆ ಅದಕ್ಕೆ ಕೆಲಸವೇ ಇರುವುದಿಲ್ಲ. ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದು. ಅಷ್ಟು ವರ್ಷ ಖಾಲಿಯಿದ್ದ ಕೋಡಿಯೂ ಆ ದಿನಕ್ಕೆ ಸಿದ್ಧವಿರಲೇಬೇಕಿತ್ತು.

ಅಗಲದ ಲೆಕ್ಕ ಹೀಗಿದೆ. ನಿಮ್ಮ ಏರಿಗೆ 50 ಎಕರೆಯ ನೀರು ಬರುತ್ತದೆ, ಗಂಟೆಗೆ 50 ಮಿ.ಮೀ. ಮಳೆ ಹೊಡೆಯುತ್ತಿದೆ, ಅದರಲ್ಲಿ ನೂರಕ್ಕೆ 40 ಪಾಲು ಹರಿದು ಬರುತ್ತದೆ ಎಂದುಕೊಳ್ಳಿ. ಆಗ ಸೆಕೆಂಡಿಗೆ ಸುಮಾರು 1,100 ಲೀಟರ್ ನೀರು ಹೊರಹೋಗಬೇಕು. ಕೋಡಿಯ ಮೇಲೆ ಒಂದಡಿ ಆಳ ಹರಿಯಲು ಬಿಟ್ಟರೂ 13–14 ಅಡಿ ಅಗಲ ಬೇಕೇ ಬೇಕು. ನಾಲ್ಕಡಿ ಬಿಟ್ಟು 'ಸಾಕು' ಎಂದುಕೊಂಡವರು ಈ ವರ್ಷವೇ ಅಗಲ ಮಾಡಿಸಿಕೊಳ್ಳಲಿ. ಇದು ಅಂದಾಜು ಲೆಕ್ಕ ಅಷ್ಟೇ. ಕಲ್ಲುಗುಡ್ಡದಿಂದ ನೀರು ಇಳಿಯುವ ಕಡೆ ಇನ್ನೂ ಹೆಚ್ಚು ಬೇಕಾದೀತು, ಎಂಜಿನಿಯರ್‌ಗೆ ತೋರಿಸಿ.

ಇನ್ನೊಂದಡಿ ನೀರು ನಿಲ್ಲಲಿ ಎಂದು ಕೋಡಿಗೆ ಮರಳು ಚೀಲ ಅಡ್ಡ ಇಡುವುದು, ಮೀನು ಹೋಗದಿರಲಿ ಎಂದು ಬಲೆ ಕಟ್ಟುವುದು ಬೇಡವೇ ಬೇಡ. ಮೊದಲ ಮಳೆಗೇ ಬಲೆಗೆ ಕಸ, ಅಡಿಕೆ ಸೋಗೆ ಸಿಕ್ಕಿಕೊಂಡು ಕೋಡಿ ಮುಚ್ಚಿಹೋಗುತ್ತದೆ.

ಆಮೇಲೆ ಲೆವೆಲ್ ಪೈಪು ಹಿಡಿದು ಏರಿಯ ತೀರಾ ತಗ್ಗಾದ ಜಾಗ ಹುಡುಕಿ. ಸಾಮಾನ್ಯವಾಗಿ ಅದು ನಡುಭಾಗದಲ್ಲಿ, ಹಳೆಯ ಹಳ್ಳದ ಪಾತ್ರದ ಮೇಲೆಯೇ ಇರುತ್ತದೆ. ಕೋಡಿಯ ಮಟ್ಟಕ್ಕಿಂತ ಅದು ಕನಿಷ್ಠ ಮೂರಡಿ ಎತ್ತರ ಇರಬೇಕು.

ಏರಿಯ ಹಿಂಬದಿ

ಇಲ್ಲಿ ನಿಧಾನಿಸಿ. ಏರಿಯ ಬುಡದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಿರಿ. ಸುತ್ತ ಒಣಗಿದ್ದಾಗ ಒಂದೇ ಕಡೆ ಹುಲ್ಲು ಹಸಿರಾಗಿದೆಯೇ, ಕಾಲಿಟ್ಟರೆ ಜೌಗು ಹತ್ತುತ್ತದೆಯೇ ನೋಡಿ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ಜಿನುಗಿನ ಜೊತೆ ಮಣ್ಣು ಬರುತ್ತಿದೆಯೇ ಎಂಬುದೇ ಪ್ರಶ್ನೆ. ಬಾಟಲಿಯಲ್ಲಿ ಆ ನೀರು ಹಿಡಿದು ಕಾಲು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ನುಣ್ಣನೆ ಮಣ್ಣು ಕೂತರೆ ಏರಿ ಒಳಗೊಳಗೇ ಕೊರೆಯುತ್ತಿದೆ ಎಂದೇ ಅರ್ಥ. ನೀರು ಉಕ್ಕುವ ತೂತಿನ ಸುತ್ತ ಇರುವೆ ಗೂಡಿನ ಬಾಯಿಯಂತೆ ಮಣ್ಣಿನ ಉಂಗುರ ಕಂಡರೂ ಅದೇ ಅರ್ಥ.

ತಿಳಿನೀರಾದರೂ ಅಳೆದು ಬರೆದಿಡಿ. ಹತ್ತು ಲೀಟರ್ ಬಕೆಟ್ 40 ಸೆಕೆಂಡಿಗೆ ತುಂಬಿದರೆ ದಿನಕ್ಕೆ 21,600 ಲೀಟರ್ ಹೋಗುತ್ತಿದೆ. ತಾರೀಖು, ಕೆರೆಯ ನೀರಿನ ಮಟ್ಟ, ಸೆಕೆಂಡು ಮೂರನ್ನೂ ಬರೆಯಿರಿ. ಮಟ್ಟ ಅಷ್ಟೇ ಇದ್ದು ಜಿನುಗು ಹೆಚ್ಚುತ್ತಿದ್ದರೆ ಕಾಯಬೇಡಿ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಮಣ್ಣಿನ ಅಣೆಕಟ್ಟೆ ಒಡೆದು ಹಲವರು ಸತ್ತರು. ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು.

ಏರಿಯೊಳಗೆ ಹಾಯಿಸಿದ ಪಿವಿಸಿ ಪೈಪು ಇದ್ದರೆ ಅದು ಹೊರಬರುವ ಜಾಗವನ್ನು ಬಿಡದೆ ನೋಡಿ. ನೀರು ಪೈಪಿನ ಒಳಗಷ್ಟೇ ಅಲ್ಲ, ಅದರ ಹೊರಮೈ ಹಿಡಿದೂ ದಾರಿ ಮಾಡಿಕೊಳ್ಳುತ್ತದೆ. ಹೊಸದಾಗಿ ಪೈಪು ಹಾಕುವವರು ಏರಿ ಅಗೆಯದೆ, ಮೇಲಿನಿಂದ ಸೈಫನ್ ಮಾಡಿಕೊಳ್ಳುವುದು ಲೇಸು.

ಮರ, ಬಿಲ, ಬಿರುಕು

ಏರಿ ಮೇಲೆ ತೆಂಗು, ಅಡಿಕೆ ಇಡಬೇಡಿ. ಬಳ್ಳಾರಿ ಜಾಲಿ ಚಿಕ್ಕದಿರುವಾಗಲೇ ಬೇರುಸಹಿತ ಕೀಳಿ. ದೊಡ್ಡ ಮರವನ್ನು ಕಡಿದುಬಿಟ್ಟರೆ ಬೇರು ಕೊಳೆತು ಆ ಜಾಗವೇ ನೀರಿಗೆ ದಾರಿಯಾಗುತ್ತದೆ. ಅದಕ್ಕೆ ನೀರು ತಗ್ಗಿದ ಮೇಲೆ ಬೇರು ತೆಗೆಸಿ, ಗುಂಡಿಗೆ ಮಣ್ಣು ಪದರ ಪದರವಾಗಿ ಹಾಕಿ ಧಮ್ಮಸು ಮಾಡಿಸಬೇಕು. ಗರಿಕೆ, ಲಾವಂಚ ಇರಲಿ, ಮಣ್ಣು ಹಿಡಿಯುತ್ತವೆ. ಏಡಿ, ಹೆಗ್ಗಣದ ಬಿಲ, ಹುತ್ತ ಕಂಡರೆ ಬಾಯಿ ಮುಚ್ಚಿದರೆ ಸಾಲದು, ತುದಿಯವರೆಗೆ ಅಗೆದು ತುಂಬಿಸಿ.

ಎರೆಮಣ್ಣಿನ ಏರಿ ಬೇಸಿಗೆಯಲ್ಲಿ ಬಿರಿಯುತ್ತದೆ. ಉದ್ದುದ್ದ ಬಿರುಕಿನ ಒಂದು ಬದಿ ಕುಸಿದಿದ್ದರೆ ಏರಿ ಜಾರುತ್ತಿದೆ. ಅಡ್ಡ ಬಿರುಕು ಇನ್ನೂ ಕೆಟ್ಟದ್ದು, ಕೆರೆಯಿಂದ ಹಿಂಬದಿಗೆ ನೇರ ದಾರಿ ಅದು. ತುಂಬಿದ ನೀರನ್ನು ಪಂಪು ಹಚ್ಚಿ ಒಮ್ಮೆಲೇ ಖಾಲಿ ಮಾಡಿದರೂ ಒಳಮೈ ಜಾರುವುದುಂಟು. ದಿನಕ್ಕೆ ಒಂದಡಿಯೊಳಗೇ ಇಳಿಸಿ.

ಕೆಸರು ನೀರು ಬಂದರೆ

ತೂತಿಗೆ ಹಿಂಬದಿಯಿಂದ ಜೇಡಿಮಣ್ಣು ಒತ್ತಬೇಡಿ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ಮೊದಲು ದಪ್ಪ ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ತೂಬು, ಪಂಪು, ಸೈಫನ್ ಯಾವುದಿದೆಯೋ ಅದರಿಂದ ಮಟ್ಟ ಇಳಿಸಿ; ಜೆಸಿಬಿ ತಂದು ಏರಿ ಕಡಿಯಬೇಡಿ. ನೀರಿನ ಜೊತೆ ಮಣ್ಣು ಬರುವುದು ನಿಲ್ಲದಿದ್ದರೆ ಏರಿ ಬಿಟ್ಟು ದೂರ ಸರಿಯಿರಿ. 112ಕ್ಕೆ ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ಅದಕ್ಕೂ ಮುಂಚೆ ಹಳ್ಳದ ಕೆಳಗಿನ ಮನೆಯವರಿಗೆ ತಿಳಿಸಿ. ಅವರ ಫೋನ್ ನಂಬರುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಆ ನೋಟ್‌ಬುಕ್ ಕಾನೂನಿನ ದೃಷ್ಟಿಯಿಂದಲೂ ಮುಖ್ಯ. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾದಾಗ, 1874ರಲ್ಲಿ ಪ್ರಿವಿ ಕೌನ್ಸಿಲ್ ಜಮೀನ್ದಾರರನ್ನು ಹೊಣೆ ಮಾಡಲಿಲ್ಲ. ಕೆರೆ ಕಾಯುವುದು ಅವರ ಕರ್ತವ್ಯವಾಗಿತ್ತು, ಅದರಲ್ಲಿ ನಿರ್ಲಕ್ಷ್ಯ ಕಾಣಲಿಲ್ಲ. ಇಂದು ನಿಮ್ಮ ಏರಿಯ ಕೆಳಗಿನ ರೈತ ಪರಿಹಾರ ಕೇಳಿದರೂ ಮೊದಲು ಬರುವ ಪ್ರಶ್ನೆ ಅದೇ: ಯಾವಾಗ ನೋಡಿದಿರಿ, ಏನು ಕಂಡಿತು, ಏನು ಮಾಡಿದಿರಿ?